ಸಫಾರಿಗೊಂದು ಅಂಗಿ

ದಾಂಡೇಲಿಗೆ ಸಫಾರಿ ಎಂದು ಮನೆಯಲ್ಲಿ ಮಾತು ಗಟ್ಟಿಯಾಗುವ ಮೊದಲೇ ಓಣಿಗೆಲ್ಲ ಗೊತ್ತಾಗಿತ್ತು. ಸಲಹೆಗಳು ಶುರುವಾದವು. ಕಾಡು ನೋಡದವರದೇ ಜಾಸ್ತಿ. ಬಿಂಕದಕಟ್ಟಿ ಮೃಗಾಲಯ ಬಿಟ್ಟು ಬೇರೆಲ್ಲೂ ಪ್ರಾಣಿ ನೋಡದ ಎದುರುಮನೆ ಕಾಕಾ ಗೇಟಿನಲ್ಲೇ ತಡೆದು, "ಬಿಳಿ ಅಂಗಿ ಹಾಕ್ಕೊಬ್ಯಾಡ್ರಿ. ಕೆಂಪಂತೂ ಬ್ಯಾಡೇ ಬ್ಯಾಡ. ಹುಲಿ ಓಡಿ ಹೋಗತೈತಿ" ಎಂದರು.

ನನ್ನ ಕಪಾಟಿನಲ್ಲಿ ಇರುವುದೆಲ್ಲ ಬಿಳಿಯೇ. ಹುಬ್ಬಳ್ಳಿಗೆ ಹೋಗಿ ದುರ್ಗದ ಬೈಲಿನಲ್ಲಿ ಖಾಕಿ ಅಂಗಿಯೊಂದನ್ನು ತಗೊಂಡೆ. ಹಾಕಿ ನೋಡಿದ್ದನ್ನು ಬಿಚ್ಚಲು ಬೇಸರ. ಹಾಗೇ ಬಸ್ ನಿಲ್ದಾಣಕ್ಕೆ ಬಂದೆ.

"ತಮ್ಮಾ, ಸವದತ್ತಿ ಗಾಡಿ ಎಷ್ಟೊತ್ತಿಗೈತಿ?"

ಹಣೆ ತುಂಬ ಭಂಡಾರ ಬಳಿದುಕೊಂಡ ಅಜ್ಜಿ. ಗೊತ್ತಿಲ್ಲ ಎಂದೆ. "ಸಂಬಳ ಯಾತಕ್ ತಗೋತೀರಿ ಹಂಗಾರ?" ಎಂದಳು. ಅಷ್ಟರಲ್ಲಿ ಒಬ್ಬ ಐನೂರರ ನೋಟು ಚಾಚಿ ಚಿಲ್ಲರೆ ಕೇಳಿದ. ಇಲ್ಲವೆಂದರೆ, "ನಿಮ್ಮ ಕಡೆ ಎಂದ್ ಇರತೈತ್ರಿ ಚಿಲ್ರಿ!" ಎಂದು ಸುತ್ತ ನಿಂತವರ ಕಡೆ ತಿರುಗಿದ. ಅವರೂ ತಲೆಯಾಡಿಸಿದರು. ಊರಲ್ಲಿ ಬಸ್ಸಿನ ಮೇಲೆ ಇಷ್ಟು ಸಿಟ್ಟಿದೆ ಎಂದು ನನಗೆ ತಿಳಿದಿರಲಿಲ್ಲ. ಕೈ ಮಾಡಿದರೂ ನಿಲ್ಲಿಸಲಿಲ್ಲವಂತೆ. ಹಾಫ್ ಟಿಕೆಟ್ಟಿಗೆ ಜಗಳವಂತೆ. ಎಲ್ಲ ನನ್ನ ಎದುರೇ ಬಿಚ್ಚಿಕೊಂಡಿತು. ಕೊನೆಗೆ ನಾನೇ ಹೋಗಿ ಒಂದೊಂದು ಬೋರ್ಡು ಓದಿ, ಅಜ್ಜಿಯನ್ನು ಸವದತ್ತಿ ಗಾಡಿಗೆ ಹತ್ತಿಸಿದೆ. ಸೀಟಿಗೆ ಕುಳಿತವಳು ಕಿಟಕಿಯಿಂದ ಕೈ ಹಾಕಿ, "ಟಿಕೀಟ್ ಕೊಡಲ್ಲೇನ?" ಎಂದಳು.

ನಾನು ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ ಬಂದೆ. ನಿಜವಾದ ಚಿಗರಿಗಳು ರಾಣೆಬೆನ್ನೂರಿನಲ್ಲಿವೆ. 1974ರಲ್ಲೇ ಅಲ್ಲಿ ಕೃಷ್ಣಮೃಗಗಳಿಗೆಂದು ಅಭಯಾರಣ್ಯ ಮಾಡಿದ್ದಾರೆ, 119 ಚದರ ಕಿಲೋಮೀಟರ್. ಅಲ್ಲಿಗೆ ಹೋಗೋಣ ಎಂದಿದ್ದೆ. ಮನೆಯಲ್ಲಿ ಯಾರೂ ತಿರುಗಿ ಸಹ ನೋಡಲಿಲ್ಲ. ಹುಲಿ ಇಲ್ಲದ ಕಾಡು ಇವರಿಗೆ ಕಾಡೇ ಅಲ್ಲ. ದಾಂಡೇಲಿಯ ಕಾಡು 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ನಿಜ. ಆದರೆ ಅಲ್ಲಿ ಮರ ದಟ್ಟ, ಹುಲಿ ಕಾಣುವುದು ಅಪರೂಪ. ಮಂಗಟ್ಟೆ ಹಕ್ಕಿ ಕಂಡೀತು, ಕೆಂದಳಿಲು ಕಂಡೀತು. ಅವನ್ನು ನೋಡಿ ಬಂದೆವೆಂದರೆ ಓಣಿಯವರು "ಅಯ್ಯ, ಪಾಪ" ಎನ್ನುತ್ತಾರೆ. ದುಡ್ಡು ನಮ್ಮದು, ಮರುಕ ಅವರದು.

ಅಂಗಿಯ ವಿಷಯಕ್ಕೆ ಬರುತ್ತೇನೆ. ಹುಲಿಗೂ ಜಿಂಕೆಗೂ ಕೆಂಪು ನಮಗೆ ಕಂಡಂತೆ ಕಾಣುವುದಿಲ್ಲ. ಹುಲಿಯ ಕಿತ್ತಳೆ ಮೈಯೇ ಜಿಂಕೆಯ ಕಣ್ಣಿಗೆ ಹಸಿರಿನಲ್ಲಿ ಬೆರೆತುಹೋಗುತ್ತದೆ. ಅವು ಬೆದರುವುದು ನಮ್ಮ ಗದ್ದಲಕ್ಕೆ, ಅಲುಗಾಟಕ್ಕೆ. ಕಾಕಾಗೆ ಇದನ್ನು ಹೇಳಿದೆ. "ಪುಸ್ತಕದಾಗ ಏನರೆ ಬರೀತಾರ್ರಿ" ಎಂದು ಒಳಗೆ ಹೋದರು.

ಮನೆಯಲ್ಲೂ ಹೇಳಿದೆ, ಜೀಪಿನಲ್ಲಿ ಸದ್ದು ಮಾಡಬಾರದು ಅಂತ. ಅಷ್ಟೊತ್ತಿಗೆ ಇವಳು ಖಡಕ್ ರೊಟ್ಟಿಯ ಗಂಟು ಕಟ್ಟಿ, ಮೇಲೆ ಶೇಂಗಾ ಚಟ್ನಿಯ ಡಬ್ಬಿ ಇಟ್ಟಾಗಿತ್ತು. ಗಂಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಹಂಗಾರ ನಸಿಕಲೆ ಎದ್ದು ಮೆತ್ತನ್ನ ರೊಟ್ಟಿ ನೀವ ಬಡೀರಿ" ಎಂದಳು.