ಒತ್ತಿ ನೋಡುವವರು

ಏಟು ಬಿದ್ದದ್ದಕ್ಕೆ ನನಗೇನೂ ಬೇಜಾರಿಲ್ಲ. ಮೇ ತಿಂಗಳ ರಾತ್ರಿ, ಕರೆಂಟು ಹೋದ ಹೊತ್ತಿನಲ್ಲಿ, ನಡುಮನೆಯ ಕೂಲರಿನ ಕಬ್ಬಿಣದ ಸ್ಟ್ಯಾಂಡಿಗೆ ಕಾಲು ಬಡಿದುಕೊಳ್ಳದವರು ರಾಯಚೂರಿನಲ್ಲಿ ಯಾರಿದ್ದಾರೆ? ಬೆಳಗ್ಗೆ ನೋಡಿದರೆ ಮೊಣಕಾಲ ಕೆಳಗೆ ಅಂಗೈಯಗಲ ನೀಲಿಗಟ್ಟಿತ್ತು. ಅದಕ್ಕೂ ಬೇಜಾರಿಲ್ಲ. ನನ್ನ ಬೇಜಾರೆಲ್ಲ ಒತ್ತಿ ನೋಡುವವರ ಮೇಲೆ.

ಲುಂಗಿ ಉಟ್ಟು ಹೊರಗಿನ ಕಟ್ಟೆಯ ಮೇಲೆ ಕೂತವನ ಕಾಲು ಓಣಿಗೆಲ್ಲ ಸೇರಿದ್ದು. ಹಾಲಿನವ ಬಂದ, ಕ್ಯಾನು ಕೆಳಗಿಟ್ಟ, ಬಗ್ಗಿದ, ಹೆಬ್ಬೆರಳನ್ನು ಸರಿಯಾಗಿ ನೀಲಿಯ ನಟ್ಟನಡುವೆ ಊರಿ, "ನೋಯ್ತದೇನ್ರಿ?" ಅಂದ. ಒತ್ತುವ ಮುಂಚೆ ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು. ಆದರೆ ನಮ್ಮ ಜನಕ್ಕೆ ಬಾಯಿಮಾತು ಸಾಲುವುದಿಲ್ಲ, ಪುರಾವೆ ಬೇಕು. ನಾನು "ಅಯ್ಯಯ್ಯೋ" ಅಂದ ಮೇಲೆಯೇ ಅವನಿಗೆ ನಂಬಿಕೆ ಬಂದದ್ದು. "ಒಳಪೆಟ್ಟು ಬಿದ್ದೈತ್ರಿ" ಅಂತ ತೀರ್ಪು ಕೊಟ್ಟ.

ಒತ್ತಿದ ಮೇಲೆ ಔಷಧಿ ಹೇಳದೆ ಎದ್ದು ಹೋಗುವುದು ಮರ್ಯಾದೆಯಲ್ಲ. ಹಾಲಿನವ ಎಕ್ಕೆ ಎಲೆಗೆ ಹರಳೆಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ ಕಟ್ಟಲು ಹೇಳಿದ. ಎಕ್ಕೆಯ ಹಾಲು ಕಣ್ಣಿಗೆ ಹಾರಿದರೆ ಕಣ್ಣಿಗೇ ಸಂಚಕಾರ, ಆ ಮಾತು ಮಾತ್ರ ಯಾರೂ ಹೇಳುವುದಿಲ್ಲ. ವೈನಿ ಒಳಗಿನಿಂದಲೇ, "ಹಸಿ ಆಲೂಗಡ್ಡಿ ಕೊಯ್ದು ತಿಕ್ಕು" ಅಂದರು. ನಿವೃತ್ತ ಮೇಷ್ಟ್ರದು ಹುಣಸೆಹಣ್ಣು, ಉಪ್ಪು ಕುದಿಸಿದ ಪಟ್ಟು. ಚಿಕ್ಕಪ್ಪನ ಮಗ ಫೋನಿನಲ್ಲೇ ಹೋಮಿಯೋಪತಿಯ ಅರ್ನಿಕಾ ಅಂದ. ಪೇಪರ್ ಹಾಕುವ ಹುಡುಗ ಸೈಕಲ್ಲಿನಿಂದ ಇಳಿಯದೆ "ಟೂತ್‌ಪೇಸ್ಟು ಹಚ್ರಿ ಅಣ್ಣಾ" ಅಂತ ಕೂಗಿ ಹೋದ. ಅವನು ಒತ್ತಿ ನೋಡಲಿಲ್ಲವಾದ್ದರಿಂದ ಅವನ ಮೇಲೆ ನನಗೆ ಇವತ್ತಿಗೂ ಗೌರವ.

ಇಷ್ಟರಲ್ಲಿ ಯಾವುದರಿಂದ ನೀಲಿ ಬೇಗ ಹೋಗುತ್ತದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಡಾಕ್ಟರುಗಳ ಮಾತು ಮಾತ್ರ ಸಪ್ಪೆ. ಮೊದಲ ಒಂದೆರಡು ದಿನ ತಣ್ಣಗಿಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಸಲಕ್ಕೆ 15-20 ನಿಮಿಷ ಇಡಿ, ಬರಿ ಚರ್ಮಕ್ಕೆ ಬೇಡ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ತಣುಪಿಗೆ ಒಳಗಿನ ಸಣ್ಣ ನಾಳಗಳು ಮುದುಡಿ ರಕ್ತ ಸೋರುವುದು ಕಡಿಮೆಯಾಗುತ್ತದೆ. ಎರಡು ದಿನ ಕಳೆದ ಮೇಲೆ ಬೇಕಾದರೆ ಬಿಸಿ ಕಾವು ಕೊಡಿ. ಎಲ್ಲ ಸರಿ ಸ್ವಾಮಿ, ಮೇ ತಿಂಗಳಲ್ಲಿ ಐಸು ಎಲ್ಲಿಂದ ತರೋಣ? ಫ್ರಿಜ್ಜಿನ ಟ್ರೇ ಎಳೆದರೆ ನೀರು ಅಲುಗಾಡಿತು. ಪಕ್ಕದ ಶಕ್ತಿನಗರದಲ್ಲಿ ತಯಾರಾದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ, ನಮ್ಮ ಓಣಿಯ ದಾರಿ ಮಾತ್ರ ಅದಕ್ಕೆ ಆಗಾಗ ಮರೆಯುತ್ತದೆ. ಹೋಗಲಿ, ಆ ಸಿಟ್ಟು ಬೇರೆ. ಕಡೆಗೆ ಮಡಕೆಯ ನೀರಿನಲ್ಲಿ ಟವೆಲ್ ಅದ್ದಿ ಹಾಕಿಕೊಂಡೆ. ಹಾಯೆನಿಸಿತು. ಆ ಹೊತ್ತಿನಲ್ಲಿ ತಲೆಯ ಮೇಲೆ ಹಾಕಿಕೊಂಡಿದ್ದರೂ ಹಾಯೆನಿಸುತ್ತಿತ್ತು.

ಮನೆಮದ್ದಿನ ಮಾತು ಬಂದರೆ ನಮ್ಮ ಕಾಕಾನ ತೊಡೆಯ ಕಥೆ ಹೇಳದೆ ಇರಲಾಗುವುದಿಲ್ಲ.

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುಂಗಾರು ಹಬ್ಬ ನಡೆಯುತ್ತದೆ. ಗಂಜ್ ಮಾರುಕಟ್ಟೆಯಲ್ಲಿ ಎತ್ತಿನ ಜೋಡಿಗಳು ಭಾರದ ಕಲ್ಲು ಎಳೆಯುತ್ತವೆ. ಒಂದೂವರೆ ಟನ್, ಎರಡು ಟನ್, ಎರಡೂವರೆ ಟನ್, ಹೀಗೆ ದಿನಕ್ಕಿಷ್ಟು ಅಂತ ಭಾರ ಏರುತ್ತದೆ. ಆಂಧ್ರ, ತೆಲಂಗಾಣದ ಕಡೆಯಿಂದಲೂ ಜೋಡಿಗಳು ಬರುತ್ತವೆ. ಕಾಕಾ ಒಂದು ವರ್ಷವೂ ತಪ್ಪಿಸಿದವನಲ್ಲ. ಆ ಸಲ ಒಂದು ಜೋಡಿ ದಾರಿ ಬಿಟ್ಟು ಜನರ ಕಡೆ ತಿರುಗಿತು. ಎಲ್ಲರೂ ಹಿಂದೆ ಸರಿದರು. ಕಾಕಾನೂ ಸರಿದ. ಹಿಂದೆ ಕಬ್ಬಿನಹಾಲಿನ ಗಾಡಿ ನಿಂತಿತ್ತು. ಅದರ ಗಾಣದ ಹಿಡಿಕೆ ತೊಡೆಗೆ ಬಡಿಯಿತು. ನಡೆದದ್ದು ಇಷ್ಟೇ. ಮನೆಗೆ ಬರುವಷ್ಟರಲ್ಲಿ ತೊಡೆಯ ಮೇಲೆ ಜೋಳದ ರೊಟ್ಟಿಯಗಲ ಕಪ್ಪಾಗಿತ್ತು, ಬಾಯಲ್ಲಿ ಗಾಡಿ ಹೋಗಿ ಎತ್ತು ಬಂದಿತ್ತು. "ಎತ್ತು ಒದೀತು" ಅಂದ. ಮೊದಮೊದಲು ಅದು ಒಂದೂವರೆ ಟನ್ ಎಳೆಯುವ ಎತ್ತಾಗಿತ್ತು. ಈಗ ಎರಡೂವರೆ ಟನ್ನಿಗೆ ಬಂದಿದೆ.

ಕಾಕು ಅರಿಶಿಣಕ್ಕೆ ಎಲೆಸುಣ್ಣ ಕಲೆಸಿ ಹಚ್ಚಿದಳು. ಅರಿಶಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದಲ್ಲ, ಕುಂಕುಮ ಮಾಡುವುದೂ ಹಾಗೆಯೇ. ಕಾಕಾನ ಬಿಳಿ ಪಂಚೆಯ ತುಂಬ ಆ ಕೆಂಪು ಹತ್ತಿತು. ನೀರು ಕೇಳಲು ಬಂದ ಪಕ್ಕದ ಮನೆಯವಳು ಅದನ್ನು ನೋಡಿದ್ದೇ, "ಎತ್ತು ಹಾಯ್ದೈತೋ!" ಅಂತ ಕೊಡ ಅಲ್ಲೇ ಬಿಟ್ಟು ಓಡಿದಳು. ಯಾರೋ ಟಂಟಂ ಆಟೋ ತಂದು ಬಾಗಿಲಿಗೆ ನಿಲ್ಲಿಸಿದರು. ಸಂಜೆಗೆ ಮಾನ್ವಿಯಿಂದ ಬೀಗರು ಬಾಳೆಹಣ್ಣಿನ ಗೊನೆಯೊಂದಿಗೇ ಬಂದಿಳಿದರು. ಕಾಕಾ ಯಾರಿಗೂ ಕೆಂಪು ಯಾವುದರದ್ದು ಅಂತ ಬಿಡಿಸಿ ಹೇಳಲಿಲ್ಲ. ಬರೀ ಕಣ್ಣು ಮುಚ್ಚಿ "ಹ್ಞೂಂ" ಅನ್ನುತ್ತಿದ್ದ. ಬಾಳೆಹಣ್ಣು ಮಾತ್ರ ಕಣ್ಣು ತೆರೆದೇ ತಿಂದ. ಸುಣ್ಣ ಸುಡುತ್ತದೆ, ಚರ್ಮ ಕಿತ್ತು ಬರುವುದೂ ಉಂಟು. ಅವನದು ಕಿತ್ತು ಬರಲಿಲ್ಲ, ಪುಣ್ಯ.

ಅಸಲಿ ಜಗಳ ಶುರುವಾದದ್ದು ವಾರ ಕಳೆದ ಮೇಲೆ. ಕಪ್ಪು ಹೋಗಿ ತೊಡೆ ಹಳದಿಯಾಯಿತು. "ನೋಡ್ರಿ, ನನ್ನ ಅರಿಶಿಣ ಕೆಲಸ ಮಾಡ್ತು" ಅಂತ ಕಾಕು. "ಎಕ್ಕಿ ಎಲಿ ತಂದು ಕೊಟ್ಟಾಂವ ನಾನು" ಅಂತ ದೊಡ್ಡಪ್ಪ. ಬೀಗರು ಬಾಳೆಹಣ್ಣಿನ ಹೆಸರೆತ್ತಲಿಲ್ಲ, ಆದರೆ ಮುಖ ನೋಡಿದರೆ ಅವರಿಗೂ ಒಂದು ಪಾಲು ಬೇಕಿತ್ತು. ಓಣಿಯ ಕಂಪೌಂಡರು ಬಂದು ಎಲ್ಲರ ಬಾಯಿ ಮುಚ್ಚಿಸಲು ನೋಡಿದ. ಚರ್ಮದ ಕೆಳಗೆ ನಿಂತ ರಕ್ತ ಮೊದಲು ಕೆಂಪು, ಆಮೇಲೆ ನೀಲಿ, ಆಮೇಲೆ ಹಸಿರು, ಕಡೆಗೆ ಹಳದಿ ಆಗುತ್ತದೆ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುತ್ತದಲ್ಲ, ಅದೇ ಹಳದಿ. ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಸುಮಾರು ಎರಡು ವಾರಕ್ಕೆ ಹೋಗುತ್ತದೆ ಅಂದ. ಅವನು ಹೇಳಿದ್ದು ನಿಜ. ಆದರೆ ಅಷ್ಟು ಜನರ ಖ್ಯಾತಿಯನ್ನು ಒಂದೇ ಮಾತಿನಲ್ಲಿ ಕಿತ್ತುಕೊಂಡವನಿಗೆ ಯಾರು ಚಹಾ ಕೊಡುತ್ತಾರೆ?

"ಹಾಂಗಾದ್ರ ಈ ಹಳದಿ ಅರಿಶಿಣದ್ದೋ, ರಕ್ತದ್ದೋ?" ಅಂದಳು ಕಾಕು. ಸೋಪು ಹಾಕಿ ತಿಕ್ಕಿದರು. ಹೋಗಲಿಲ್ಲ. ಎರಡೂ ಸುಲಭಕ್ಕೆ ಹೋಗುವಂಥವಲ್ಲ. ಆಗ ದೊಡ್ಡಪ್ಪ ಒಂದು ಉಪಾಯ ತೆಗೆದ. ಅರಿಶಿಣದ ಕಲೆ ಬಿಸಿಲಿಗೆ ಹಾರುತ್ತದೆ, ಬಟ್ಟೆ ಒಗೆಯುವವರಿಗೆಲ್ಲ ಗೊತ್ತಿರುವ ಸಂಗತಿ. ಬಿಸಿಲಲ್ಲಿ ಕೂಡಿಸೋಣ, ಹಾರಿದರೆ ಅರಿಶಿಣ, ಉಳಿದರೆ ರಕ್ತ. ಕಾಕಾನನ್ನು ಮಾಳಿಗೆ ಹತ್ತಿಸಿ, ಪಂಚೆ ಮೇಲೆತ್ತಿಸಿ, ತೊಡೆಯನ್ನು ಸೂರ್ಯನಿಗೆ ಒಪ್ಪಿಸಿದರು. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಒಣ ಹಾಕುತ್ತಿದ್ದ ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಂಡು ಕೆಳಗಿಳಿದು ಹೋದರು. ಕಾಕಾ ತಲೆಗೆ ಟವೆಲ್ ಸುತ್ತಿ, ಸೂಸಲದ ತಟ್ಟೆ ಹಿಡಿದು, ಮಿರ್ಚಿ ಕಚ್ಚುತ್ತಾ ಕೂತಿದ್ದ. ತಾಸಿಗೊಮ್ಮೆ ದೊಡ್ಡಪ್ಪ ಹತ್ತಿ ಬಂದು ಒತ್ತಿ ನೋಡುತ್ತಿದ್ದ. ಬಣ್ಣದ ಪರೀಕ್ಷೆಗೆ ಒತ್ತುವುದು ಯಾಕೆ ಬೇಕಿತ್ತೋ, ಆ ದೇವರಿಗೇ ಗೊತ್ತು. ಮಧ್ಯಾಹ್ನದ ಹೊತ್ತಿಗೆ ತೊಡೆ ಹಳದಿಯೂ ಅಲ್ಲ, ಕಪ್ಪೂ ಅಲ್ಲ, ಬಿಸಿಲಿಗೆ ಸುಟ್ಟು ಕೆಂಪಾಗಿತ್ತು. ಈಗ ಅದಕ್ಕೆ ಲೋಳೆಸರ ಹಚ್ಚಬೇಕು ಅಂತ ಒಬ್ಬರು, ಮಜ್ಜಿಗೆ ಅಂತ ಒಬ್ಬರು.

ಪ್ರತಿ ಕಾರಹುಣ್ಣಿಮೆಗೂ ಕಾಕಾ ಪಂಚೆ ಸರಿಸಿ ಆ ಜಾಗ ತೋರಿಸುತ್ತಾನೆ. ಅಲ್ಲಿ ಏನೂ ಇಲ್ಲ. ಏನೂ ಇಲ್ಲದಿರುವುದೇ ಔಷಧಿಗೆ ಸಾಕ್ಷಿ ಅಂತ ಅವನ ವಾದ.

ನಗುವುದಕ್ಕೆ ಚೆನ್ನಾಗಿದೆ, ಅಲ್ವಾ? ನನಗೆ ನಗು ಬರದ ಜಾತಿಯೂ ಒಂದಿದೆ. ಅವರು ಉಜ್ಜುವವರು. "ಕಟ್ಟಿದ ರಕ್ತ ಕರಗಬೇಕು" ಅಂತ ಬಿಸಿ ಎಣ್ಣೆ ತಂದು, ಪೆಟ್ಟು ಬಿದ್ದ ಅವತ್ತೇ ಮೊಣಕೈ ಊರಿ ತಿಕ್ಕುತ್ತಾರೆ. ಆಗಷ್ಟೇ ಒಡೆದ ನಾಳಗಳನ್ನು ಹೀಗೆ ತಿಕ್ಕಿದರೆ ಇನ್ನಷ್ಟು ಸೋರುತ್ತದೆ, ನೀಲಿ ಇನ್ನಷ್ಟು ಹರಡುತ್ತದೆ. ಹರಡಿದ ಮೇಲೆ "ನೋಡು, ಒಳಗಿದ್ದದ್ದು ಹೊರಗ ಬಂತು" ಅನ್ನುತ್ತಾರೆ. ಇವರನ್ನು ಗೆಲ್ಲುವುದು ಹೇಗೆ? ಬೇಡ ಅಂದರೆ ಕಲಿತವರ ಸೊಕ್ಕು ಅಂತ ಬೈಗುಳ ಬೇರೆ.

ಅವರಿಗಿಂತ ಹೆಚ್ಚಿನ ಸಿಟ್ಟು ಬಂದದ್ದು ಎದುರು ಮನೆಯ ಆಯಿಯ ವಿಷಯದಲ್ಲಿ. ಎಲ್ಲಿಯೂ ಬಡಿದುಕೊಳ್ಳದೆ ಆಯಿಯ ಮುಂಗೈ ಮೇಲೆ ಅಲ್ಲಲ್ಲಿ ನೀಲಿ ಕಲೆ ಏಳುತ್ತಿದ್ದವು. ಹೃದಯಕ್ಕೆ ಸ್ಟೆಂಟು ಹಾಕಿದ ಮೇಲೆ ರಕ್ತ ತೆಳ್ಳಗಾಗುವ ಗುಳಿಗೆ ನಡೆದಿದೆ. ವಯಸ್ಸಾದವರ ಚರ್ಮವೇ ತೆಳು, ಮೇಲೆ ಆ ಗುಳಿಗೆ. ಬಂದವರೆಲ್ಲ ಆಲೂಗಡ್ಡೆ, ಅರಿಶಿಣ, ಎಕ್ಕೆ ಅಂದರೇ ಹೊರತು "ಆಯಿ, ಯಾವ ಗುಳಿಗಿ ತಗೋತಿ?" ಅಂತ ಒಬ್ಬರೂ ಕೇಳಲಿಲ್ಲ. ಒಬ್ಬ ಮಹಾನುಭಾವ ಗುಳಿಗೆಯನ್ನೇ ಬಿಟ್ಟುಬಿಡು ಅಂದ. ಸ್ಟೆಂಟು ಇದ್ದವರು ಡಾಕ್ಟರನ್ನು ಕೇಳದೆ ಅದನ್ನು ಬಿಟ್ಟರೆ ಜೀವಕ್ಕೇ ಅಪಾಯ. ಪೆಟ್ಟಿಲ್ಲದೆ ಕಲೆ ಏಳುತ್ತಿದ್ದರೆ ಅದನ್ನು ಡಾಕ್ಟರಿಗೆ ತೋರಿಸಬೇಕು, ಓಣಿಗಲ್ಲ. ಇದನ್ನೆಲ್ಲ ಹೇಳಿಬರೋಣ ಅಂತ ನಾನೇ ಎದ್ದು ಹೋದೆ.

ಆಯಿ ಕಟ್ಟೆಯ ಮೇಲೆ ಪುಂಡಿಸೊಪ್ಪಿನ ರಾಶಿ ಹಾಕಿಕೊಂಡು ಕೂತಿದ್ದಳು. ಸುತ್ತ ಮೂರು ಹೆಂಗಸರು, ಒಬ್ಬ ಹಾಲಿನವ, ಎಲ್ಲರೂ ತಲೆ ತಗ್ಗಿಸಿ ಎಲೆ ಬಿಡಿಸುತ್ತಿದ್ದರು. ನಾನು "ಆಯಿ, ಆ ಗುಳಿಗಿ..." ಅನ್ನುವಷ್ಟರಲ್ಲಿ ನನ್ನ ಮುಂದಕ್ಕೂ ಒಂದು ಕಟ್ಟು ತಳ್ಳಿದಳು.

"ಡಾಕ್ಟರ್‌ಗೆ ನಿನ್ನೇನೇ ತೋರ್ಸೀನಿ. ಕೈ ನೋಡಾಕ ಬಂದೋರು ಸುಮ್ನ ಯಾಕ ಕೂಡ್ತೀರಿ? ಬಿಡಸ್ರಿ. ಮಾತಾಡಕೋತ ಬಿಡಸ್ರಿ."

ನಾನೂ ಬಿಡಿಸಿದೆ. ಹಾಲಿನವ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಆ ವಾರ ಆಯಿಯ ಮನೆಯಲ್ಲಿ ಎರಡು ಹೊತ್ತೂ ಪುಂಡಿಪಲ್ಯ.