ಸ್ಪಷ್ಟನೆ: 31 ಅಂಕಿಗಳ ಆ ಸಂಖ್ಯೆ ಅವಿಭಾಜ್ಯ ಹೌದು, ಆದರೆ ಅತಿ ದೊಡ್ಡದಲ್ಲ

ಕೋಲಾರ, ಚಿಕ್ಕಬಳ್ಳಾಪುರದ ಪಿಯು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ 1000000000000066600000000000001 ಎಂಬ ಸಂಖ್ಯೆ ಓಡಾಡುತ್ತಿದೆ. "ಇದೇ ಅತಿ ದೊಡ್ಡ ಅವಿಭಾಜ್ಯ, 666ರ ಎರಡೂ ಕಡೆ ಎಷ್ಟು ಸೊನ್ನೆ ಹಾಕಿದರೂ ಅವಿಭಾಜ್ಯವೇ" ಎನ್ನುತ್ತದೆ ಆ ಸಂದೇಶ. ಎರಡು ಮಾತೂ ತಪ್ಪು.

ಬೆಲ್ಫೆಗೋರ್ ಅವಿಭಾಜ್ಯ ಎಂದು ಹೆಸರಾದ ಈ ಸಂಖ್ಯೆ 10^30 + 666×10^14 + 1. 'ವಿಕಟಕವಿ' ಪದದಂತೆ ಹಿಂದೆ ಮುಂದೆ ಒಂದೇ. ಅತಿ ದೊಡ್ಡ ಅವಿಭಾಜ್ಯವೆಂಬುದೇ ಇಲ್ಲ, ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡನೇ ಸಾಧಿಸಿದ್ದಾನೆ. 2024ರಲ್ಲಿ ಸಿಕ್ಕ ಅವಿಭಾಜ್ಯ 2^136279841 − 1ರಲ್ಲಿ 4,10,24,320 ಅಂಕಿಗಳಿವೆ.

ಸೊನ್ನೆಗಳ ವಿಷಯವನ್ನು ಕೈಯಲ್ಲೇ ಪರೀಕ್ಷಿಸಬಹುದು. ಪ್ರತಿ ಕಡೆ ನಾಲ್ಕು ಸೊನ್ನೆ ಇಡಿ: 1000066600001 = 7 × 142866657143. ಸೊನ್ನೆಗಳು 4, 10, 16 ಹೀಗೆ ಆರಾರು ಹೆಚ್ಚಿದಾಗಲೆಲ್ಲ 7 ಭಾಗಿಸುತ್ತದೆ, ಏಕೆಂದರೆ 10ರ ಘಾತಗಳನ್ನು 7ರಿಂದ ಭಾಗಿಸಿದಾಗಿನ ಶೇಷ ಆರು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. ಸೊನ್ನೆಯೇ ಇಲ್ಲದ 16661 ಅವಿಭಾಜ್ಯ. ಮುಂದಿನ ಅವಿಭಾಜ್ಯ ಸಿಗುವುದು ಪ್ರತಿ ಕಡೆ 13 ಸೊನ್ನೆ ಇಟ್ಟಾಗ, ಆಮೇಲಿನದು ನೇರ 42 ಸೊನ್ನೆ ಇಟ್ಟಾಗ. ಅಂಕಿಗಳ ಮೊತ್ತ ಯಾವಾಗಲೂ 20, ಆದ್ದರಿಂದ 3 ಎಂದೂ ಭಾಗಿಸದು.

ಮೊಬೈಲ್ ಕ್ಯಾಲ್ಕುಲೇಟರ್ ನಂಬಬೇಡಿ. ಎಕ್ಸೆಲ್ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಕೊನೆಯ 1 ಸೊನ್ನೆಯಾಗಿ, "2ರಿಂದ ಭಾಗವಾಗುತ್ತದೆ" ಎಂಬ ಸುಳ್ಳು ಉತ್ತರ ಬರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪೂರ್ಣಾಂಕವಾಗಿಯೇ ಬರೆಯಿರಿ, 10.0 ಎಂದು ಬರೆದರೆ ಅದೇ ತೊಂದರೆ. ಒಂದೊಂದಾಗಿ ಭಾಗಿಸಲು ಹೊರಟರೆ ಸುಮಾರು 10^15ರವರೆಗೆ ಹೋಗಬೇಕು. ಸಂಖ್ಯೆ ಅವಿಭಾಜ್ಯವೇ ಎಂದು ಕಂಪ್ಯೂಟರ್‌ನಲ್ಲಿ ಬೇಗ ನೋಡುವ ಮಿಲ್ಲರ್-ರಾಬಿನ್ ಪರೀಕ್ಷೆ ಕ್ಷಣದಲ್ಲಿ ಮುಗಿಯುತ್ತದೆ. ಅದು "ಭಾಜ್ಯ" ಎಂದರೆ ಖಚಿತ, ಪಾಸಾದರೆ ಬಹುತೇಕ ಅವಿಭಾಜ್ಯ. ಪೂರ್ಣ ಸಾಧನೆಗೆ ಬೇರೆ ವಿಧಾನ ಬೇಕು.