ಮುಂದಿನ ಚೆಂಡಿಗೆ ಎಷ್ಟು ಕಟ್ತೀರಿ?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಆ ಇಬ್ಬರು ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ಸುದ್ದಿ ನೀವೂ ಓದಿರುತ್ತೀರಿ. ಬೆಟ್ ಕಟ್ಟುವವರಿಗೆ ಮೊದಲೇ ತಿಳಿಸಿಟ್ಟು ಬೇಕಂತಲೇ ಚೆಂಡನ್ನು ನೆಲಕ್ಕೆ ಹಾಕಿದರು ಅನ್ನುವುದು ಆರೋಪ. ಇಬ್ಬರೂ ನಾವು ತಪ್ಪು ಮಾಡಿಲ್ಲ ಅಂದಿದ್ದಾರೆ, ಅದನ್ನು ಕೋರ್ಟು ನೋಡಿಕೊಳ್ಳಲಿ. ಆರೋಪಪಟ್ಟಿಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗವೇ ಬೇರೆ. ಹೀಗೆ ನೆಲಕ್ಕೆ ಹಾಕಿದ ಒಂದು ಚೆಂಡಿಗೆ ಎದುರಿನ ಬ್ಯಾಟರ್ ಬ್ಯಾಟ್ ಬೀಸಿಬಿಟ್ಟನಂತೆ. ಅಂಥ ಚೆಂಡನ್ನು ಬ್ಯಾಟರ್ ಸುಮ್ಮನೆ ಬಿಟ್ಟರೆ ಅದು ಪಿಚರ್‌ನ ತಪ್ಪು, ಅದಕ್ಕೆ ‘ಬಾಲ್’ ಅನ್ನುತ್ತಾರೆ. ಬೀಸಿ ತಪ್ಪಿದರೆ ಬ್ಯಾಟರ್‌ನ ತಪ್ಪು, ಅದು ಸ್ಟ್ರೈಕ್. ‘ಬಾಲ್’ ಆಗುತ್ತೆ ಅಂತ ಕಟ್ಟಿದವರ ದುಡ್ಡು ಗೋವಿಂದ! ಒಬ್ಬ ಪಾಪದ ಆಟಗಾರ ನಿಯತ್ತಾಗಿ ಕೆಟ್ಟದಾಗಿ ಆಡಿದ್ದಕ್ಕೆ ಇಡೀ ಯೋಜನೆ ಹಾಳು.

ಇದಕ್ಕೆ ಈ ಆಟ ನಡೆಸುವ ಮೇಜರ್ ಲೀಗ್‌ನವರು ಕಂಡುಕೊಂಡ ಔಷಧ ಇನ್ನೂ ಚೆನ್ನಾಗಿದೆ. ಒಂದೊಂದು ಚೆಂಡಿನ ಮೇಲೂ ಬೆಟ್ ಕಟ್ಟಿಸುವುದನ್ನು ನಿಲ್ಲಿಸಿದರಾ? ಛೆ, ಅದ್ಯಾಕೆ. ಒಂದು ಚೆಂಡಿಗೆ 200 ಡಾಲರ್ ಮೀರಬಾರದು ಅಂತ ಮಿತಿ ಹಾಕಿದರು. ಕಳ್ಳ ಬಂದ ಮನೆಗೆ ಬೀಗ ಹಾಕಲಿಲ್ಲ, ಒಂದು ಸಲಕ್ಕೆ ಒಂದೇ ಚೀಲ ಒಯ್ಯಿರಿ ಅಂತ ಬೋರ್ಡ್ ಹಾಕಿದರು.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ನ್ಯೂಜೆರ್ಸಿಯಲ್ಲಿ ಕೂತು ನ್ಯೂಯಾರ್ಕಿನ ಮೆಟ್ಸ್ ತಂಡವನ್ನು ಹಚ್ಚಿಕೊಂಡವನು. ಆರ್‌ಸಿಬಿ ನೋಡಿ ಬೆಳೆದವನಿಗೆ ಇದೇನು ಕಷ್ಟ ಅಂದುಕೊಂಡಿದ್ದೆ. ಆರ್‌ಸಿಬಿಯಾದರೂ 2025ರಲ್ಲಿ ಕಪ್ ಎತ್ತಿತು, ಮೆಟ್ಸ್ 1986ರಿಂದ ಕಾಯಿಸುತ್ತಿದೆ. ಕಪ್ ಇಲ್ಲದಿದ್ದರೂ ನನಗೆ ಅಂಕಿಗಳಿದ್ದವು. ಬೇಸ್‌ಬಾಲ್‌ನಲ್ಲಿ ಅಂಕಿಗೆ ಬರವೇ ಇಲ್ಲ. ಚೆಂಡು ಎಷ್ಟು ಸುತ್ತು ತಿರುಗಿತು, ಬ್ಯಾಟಿನಿಂದ ಯಾವ ಕೋನದಲ್ಲಿ ಎದ್ದಿತು, ಎಲ್ಲಕ್ಕೂ 2015ರಿಂದ ಲೆಕ್ಕ ಇದೆ. ‘ವಾರ್’ ಅಂತ ಒಂದಿದೆ. ಈ ಆಟಗಾರನ ಬದಲು ಯಾರೋ ಒಬ್ಬ ಸಾಧಾರಣದವನನ್ನು ನಿಲ್ಲಿಸಿದ್ದರೆ ತಂಡ ಎಷ್ಟು ಆಟ ಕಡಿಮೆ ಗೆಲ್ಲುತ್ತಿತ್ತು ಅನ್ನುವ ಲೆಕ್ಕ. ಅದನ್ನು ಇಬ್ಬರು ಎರಡು ಥರ ಹಾಕುತ್ತಾರೆ, ಉತ್ತರವೂ ಎರಡು ಥರ ಬರುತ್ತೆ, ಒಂಟಿಕೊಪ್ಪಲ್ ಪಂಚಾಂಗಕ್ಕೂ ಇನ್ನೊಂದು ಪಂಚಾಂಗಕ್ಕೂ ಹಬ್ಬದ ದಿನ ಬೇರೆ ಬಂದ ಹಾಗೆ. ಆಮೇಲೆ ಜಗಳ. ಆ ಜಗಳದಲ್ಲೇ ಮಜಾ ಇರುವುದು.

ಈ ಹುಚ್ಚಿನ ಬೇರು ನಮ್ಮ ಕ್ರಿಕೆಟ್ಟಿನಲ್ಲೇ ಇದೆ ಅಂತ ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ ಅಣ್ಣನಿಗೆ ಹಾಸನಕ್ಕೆ ಫೋನ್ ಮಾಡಿ ಹೇಳಿದ್ದೆ. ಹೆನ್ರಿ ಚಾಡ್ವಿಕ್ ಅಂತ ಒಬ್ಬ, ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕ್ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಅವನೇ ಕ್ರಿಕೆಟ್ ಸ್ಕೋರ್‌ಕಾರ್ಡಿನ ಬುದ್ಧಿಯನ್ನು ಬೇಸ್‌ಬಾಲ್‌ಗೆ ತಂದು ಹಚ್ಚಿದ್ದು. ಮೂರು ಸ್ಟ್ರೈಕ್ ಬಿದ್ದು ಔಟಾದರೆ, ಅಂದರೆ ಸ್ಟ್ರೈಕ್‌ಔಟ್ ಆದರೆ, ಇವತ್ತಿಗೂ ‘ಕೆ’ ಅಂತ ಬರೆಯುತ್ತಾರಲ್ಲ, ಅದೂ ಅವನದೇ. ನೂರು ಚಿಲ್ಲರೆ ವರ್ಷದ ಮೇಲೆ ಕಾನ್ಸಾಸ್‌ನಲ್ಲಿ ಬೀನ್ಸ್ ಡಬ್ಬಿ ತುಂಬುವ ಕಾರ್ಖಾನೆಯ ರಾತ್ರಿ ಕಾವಲಿಗಿದ್ದ ಬಿಲ್ ಜೇಮ್ಸ್ ಕೂತು ಕೂತು ಲೆಕ್ಕ ಹಾಕಿ, ನೀವು ಇಷ್ಟು ದಿನ ನೋಡುತ್ತಿದ್ದ ಸರಾಸರಿಗಳೆಲ್ಲ ಅರ್ಧ ಸುಳ್ಳು ಅಂದ. ಇವರಿಗೆಲ್ಲ ಈ ಲೆಕ್ಕದಿಂದ ಕೋಟೆ ಕಟ್ಟುವುದೇನೂ ಇರಲಿಲ್ಲ. ಸುಮ್ನೆ ಇಷ್ಟ, ಅಷ್ಟೇ.

ಬ್ರಾಡ್‌ಮನ್ ಕತೆ ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. 1948, ಓವಲ್ ಮೈದಾನ, ಕೊನೆಯ ಇನಿಂಗ್ಸ್‌ನಲ್ಲಿ ನಾಲ್ಕು ರನ್ ಹೊಡೆದಿದ್ದರೆ ಸರಾಸರಿ 100. ಹೊಡೆದದ್ದು ಸೊನ್ನೆ, ಉಳಿದದ್ದು 99.94. ಇಲ್ಲೂ ಅದರ ತಮ್ಮನಂಥ ಒಂದು ಕತೆ ಇದೆ. ಬೇಸ್‌ಬಾಲ್‌ನಲ್ಲಿ ಸರಾಸರಿ ಅಂದರೆ ರನ್ನಿನ ಲೆಕ್ಕ ಅಲ್ಲ, ಬ್ಯಾಟ್ ಹಿಡಿದು ನಿಂತ ಸರದಿಗಳಲ್ಲಿ ಎಷ್ಟು ಪಾಲು ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟಿದ್ದು, ಅನ್ನುವ ಲೆಕ್ಕ. 1941ರ ಕೊನೆಯ ದಿನ ಬಾಸ್ಟನ್‌ನ ಟೆಡ್ ವಿಲಿಯಮ್ಸ್ ಸರಾಸರಿ .39955. ಆಡದೆ ಕೂತಿದ್ದರೆ ಪುಸ್ತಕದಲ್ಲಿ .400 ಅಂತಲೇ ಬರೆಯುತ್ತಿದ್ದರು. ಕೂರಪ್ಪಾ ಅಂತ ಮ್ಯಾನೇಜರೂ ಹೇಳಿದ. ಇವನು ಕೇಳಲಿಲ್ಲ. ಒಂದೇ ದಿನ ಎರಡು ಪಂದ್ಯ ಆಡಿ, ಎಂಟಕ್ಕೆ ಆರು ಹಿಟ್ ಹೊಡೆದು .406 ಮಾಡಿಕೊಂಡು ಮನೆಗೆ ಹೋದ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತೆ. ಇವತ್ತಾಗಿದ್ದರೆ ಟಿವಿಯ ಕೆಳಗೆ ಬರುತ್ತಿತ್ತು: ‘ಟೆಡ್ ಕೂರುತ್ತಾನಾ, ಆಡುತ್ತಾನಾ? ಈಗಲೇ ಕಟ್ಟಿ!’

ಮಾರ್ಚ್ ಬಂದರೆ ಕಾಲೇಜು ಬಾಸ್ಕೆಟ್‌ಬಾಲ್. ಆಫೀಸಿಗೆ ಆಫೀಸೇ ಗಿಣಿಶಾಸ್ತ್ರದ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತೆ. ಮುಖ್ಯ ಸುತ್ತಿನಲ್ಲಿ 64 ತಂಡ, 63 ಆಟ, ಯಾರು ಗೆಲ್ಲುತ್ತಾರೆ ಅಂತ ಎಲ್ಲವನ್ನೂ ಮೊದಲೇ ಬರೆದುಕೊಡಬೇಕು. ಇದಕ್ಕೆ ಬ್ರಾಕೆಟ್ ಅನ್ನುತ್ತಾರೆ. ಕಣ್ಣು ಮುಚ್ಚಿ ತುಂಬಿದರೆ ಎಲ್ಲ ಸರಿಯಾಗಲು ಇರುವ ಅವಕಾಶ ಸುಮಾರು 92 ಸಾವಿರ ಕೋಟಿ ಕೋಟಿಗೆ ಒಂದು. ಕೋಟಿ ಎರಡು ಸಲ ಬಂದದ್ದು ಅಚ್ಚಿನ ತಪ್ಪಲ್ಲ. 2014ರಲ್ಲಿ ವಾರನ್ ಬಫೆಟ್ ಧೈರ್ಯವಾಗಿ ನೂರು ಕೋಟಿ ಡಾಲರ್ ಬಹುಮಾನಕ್ಕೆ ಬೆನ್ನಿಗೆ ನಿಂತರು. ಮೊದಲ ಸುತ್ತು ಮುಗಿಯುವುದರೊಳಗೆ ಎಲ್ಲರ ಚೀಟಿಯೂ ಹರಿದಿತ್ತು. ಅಜ್ಜನಿಗೆ ಒಂದು ಕಾಸೂ ಖರ್ಚಿಲ್ಲ.

2018ರಲ್ಲಿ ಒಂದನೇ ಸೀಡ್ ವರ್ಜೀನಿಯಾವನ್ನು ನಾನು ಫೈನಲ್‌ವರೆಗೂ ಕಣ್ಣು ಮುಚ್ಚಿ ಬರೆದಿದ್ದೆ. ಅಲ್ಲಿಯವರೆಗೆ ಒಂದನೇ ಸೀಡ್ ತಂಡಗಳು ಹದಿನಾರನೇ, ಅಂದರೆ ಪಟ್ಟಿಯಲ್ಲಿ ಕೊನೆಯ, ಸೀಡಿನ ಎದುರು 135 ಸಲ ಆಡಿ 135 ಸಲವೂ ಗೆದ್ದಿದ್ದವು. ಇನ್ನೇನು ಬೇಕು ಹೇಳಿ. ಚೆಸ್ ತಂಡಕ್ಕೆ ಹೆಸರಾದ ಮೇರಿಲ್ಯಾಂಡಿನ ಯುಎಂಬಿಸಿ ಅನ್ನುವ ಕಾಲೇಜು ಬಂದು 74-54ಕ್ಕೆ ಬಡಿದು ಹೋಯಿತು. ನೊಂದು ಮುಂದಿನ ವರ್ಷ ವರ್ಜೀನಿಯಾ ಹೆಸರೇ ಎತ್ತಲಿಲ್ಲ. ಅವರು ಚಾಂಪಿಯನ್ ಆದರು.

ಹತ್ತು ಡಾಲರ್ ಹೋಯಿತು, ವಾರವಿಡೀ ನಗು ಬಂತು. ನಾನೇನು ಸಾಚಾ ಅಲ್ಲ, ಹತ್ತು ಡಾಲರೂ ಬಾಜಿಯೇ. ಆದರೆ ಅದನ್ನು ಇಸ್ಕೊಂಡಿದ್ದು ಪಕ್ಕದ ಟೇಬಲ್ಲಿನವನು, ಸೋತ ರಾತ್ರಿ ಎರಡು ಗಂಟೆಗೆ ‘ನಿಮಗಾಗಿ ಇನ್ನೊಂದು ಉಚಿತ ಬೆಟ್ ಕಾದಿದೆ’ ಅಂತ ಅವನು ಫೋನ್ ಗುಂಯ್‌ಗುಡಿಸಲಿಲ್ಲ.

ಆ ಗುಂಯ್‌ಗೆ ದಾರಿ ಮಾಡಿದ್ದು ಅದೇ 2018. ನಮ್ಮ ನ್ಯೂಜೆರ್ಸಿಯೇ ಕೋರ್ಟು ಹತ್ತಿ, ಬೆಟ್ಟಿಂಗ್ ತಡೆಯುತ್ತಿದ್ದ 1992ರ ಕಾಯಿದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಬೀಳಿಸಿತು. ಮೇ ತಿಂಗಳಲ್ಲಿ ತೀರ್ಪು. ಬೆಟ್ಟಿಂಗ್ ಬಂದರೆ ಆಟವೇ ಹಾಳಾಗುತ್ತೆ ಅಂತ ವರ್ಷಗಟ್ಟಲೆ ಕೋರ್ಟಿನಲ್ಲಿ ವಾದಿಸಿದ್ದ ಮೇಜರ್ ಲೀಗ್ ಬೇಸ್‌ಬಾಲ್ ಅದೇ ನವೆಂಬರಿನಲ್ಲಿ ಕ್ಯಾಸಿನೊ ಕಂಪನಿಯೊಂದಿಗೆ ಕೈ ಕುಲುಕಿತು. ಆಟದ ಪಾವಿತ್ರ್ಯ ಆರು ತಿಂಗಳು ತಡೆದುಕೊಂಡಿತಲ್ಲ, ಮೆಚ್ಚಬೇಕು.

ಹಳೆಯ ಬೇಸ್‌ಬಾಲ್ ಆಟಗಾರ ಪೀಟ್ ರೋಸ್ ಇದನ್ನೆಲ್ಲ ನೋಡಿಕೊಂಡೇ ಇದ್ದ. 4,256 ಹಿಟ್, ಮೇಜರ್ ಲೀಗ್‌ನಲ್ಲಿ ಬೇರೆ ಯಾರೂ ಅಷ್ಟು ಹೊಡೆದಿಲ್ಲ. ಮ್ಯಾನೇಜರ್ ಆಗಿದ್ದಾಗ ಬೇಸ್‌ಬಾಲ್ ಮೇಲೆ ಬೆಟ್ ಕಟ್ಟಿದ ಅಂತ 1989ರಲ್ಲಿ ಶಾಶ್ವತ ನಿಷೇಧ. ತಪ್ಪು ಮಾಡಿದ್ದ, ವರ್ಷಗಟ್ಟಲೆ ಸುಳ್ಳೂ ಹೇಳಿದ್ದ, ಸರಿ. 2024ರಲ್ಲಿ ತೀರಿಕೊಂಡ. 2025ರಲ್ಲಿ ಲೀಗಿನ ಕಮಿಷನರ್ ಸಾಹೇಬರು ಶಾಶ್ವತ ನಿಷೇಧ ಸಾವಿನೊಂದಿಗೆ ಮುಗಿಯುತ್ತೆ ಅಂತ ಅಪ್ಪಣೆ ಕೊಡಿಸಿದರು. ತಿಥಿ ಊಟಕ್ಕೆ ಸತ್ತವನನ್ನೇ ಕರೆದ ಹಾಗಾಯಿತು.

ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ. ಪ್ರತಿ ಜಾಹೀರಾತಿನ ಕೊನೆಗೆ ‘ಜೂಜಿನ ಚಟವಿದ್ದರೆ 1-800-ಗ್ಯಾಂಬ್ಲರ್‌ಗೆ ಕರೆ ಮಾಡಿ’ ಅಂತ ಒಂದೇ ಉಸಿರಿಗೆ ಓದುತ್ತಾರೆ. ಊರಿನಲ್ಲೂ ಐಪಿಎಲ್ ಹೊತ್ತಿಗೆ ಇದೇ ವೇಗದಲ್ಲಿ ‘ಆರ್ಥಿಕ ಅಪಾಯವಿದೆ, ಚಟವಾಗಬಹುದು’ ಅನ್ನುತ್ತಿದ್ದರು. ದುಡ್ಡಿನ ಆಟದ ಆ್ಯಪ್‌ಗಳನ್ನು ಕೇಂದ್ರ 2025ರಲ್ಲಿ ಕಾಯಿದೆ ತಂದು ಮುಚ್ಚಿಸುವವರೆಗೂ ಅದು ನಡೆಯಿತು. ಓಸಿ ಚೀಟಿ ಬರೆಯುವವನಾದರೂ ಪೊಲೀಸ್ ಜೀಪ್ ಕಂಡರೆ ಓಡುತ್ತಾನೆ. ಇವರು ಸ್ಟೇಡಿಯಂ ಗೋಡೆಗೆ ಹೆಸರು ಹಾಕಿಸಿಕೊಂಡಿದ್ದಾರೆ.

ತಮಾಷೆ ಸಾಕು. ಹತ್ತೊಂಬತ್ತು ವರ್ಷದ ಹುಡುಗ ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಫ್ರೀ ಥ್ರೋ ತಪ್ಪಿಸಿದರೆ, ದುಡ್ಡು ಕಳೆದುಕೊಂಡವರು ಅವನ ಫೋನಿಗೆ ಸಾಯಿಸ್ತೀವಿ ಅಂತ ಮೆಸೇಜ್ ಕಳಿಸುತ್ತಾರೆ. ಅವನು ಇನ್ನೂ ಕಾಲೇಜಿನಲ್ಲಿ ಓದುವ ಮಗು ಕಣ್ರೀ. ನಾಚಿಕೆ ಅನ್ನುವುದು ಯಾರಿಗೂ ಇಲ್ಲ, ಕಟ್ಟುವವನಿಗೂ ಇಲ್ಲ, ಕಟ್ಟಿಸುವವನಿಗೂ ಇಲ್ಲ. ಬರೆದೂ ಬರೆದೂ ನನಗೂ ಸುಸ್ತಾಗಿದೆ.

ಮೊನ್ನೆ ಆಟ ನೋಡಲು ಹೋಗಿದ್ದೆ. ಚಾಡ್ವಿಕ್‌ನ ಮೇಲಿನ ಗೌರವಕ್ಕೆ ನಾನು ಈಗಲೂ ಹಾಳೆ, ಪೆನ್ಸಿಲ್ ಒಯ್ಯುತ್ತೇನೆ. ಒಂದು ಚೆಂಡು ನೆಲಕ್ಕೆ ಕುಕ್ಕಿ ಕ್ಯಾಚರ್ ಕೈತಪ್ಪಿ ಹಿಂದಕ್ಕೆ ಹಾರಿತು, ಬೇಸ್ ಮೇಲಿದ್ದವನು ಒಂದು ಬೇಸ್ ಮುಂದೆ ಓಡಿದ. ಮೊದಲಾಗಿದ್ದರೆ ಪಾಪ, ಕೈ ಜಾರಿತು ಅನ್ನುತ್ತಿದ್ದೆವು. ನಮ್ಮ ಸಾಲಿನವನೊಬ್ಬ ಎದ್ದು ನಿಂತು, ‘ಎಷ್ಟು ತಗೊಂಡೆ?’ ಅಂತ ಕೂಗಿದ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ, ನಕ್ಕು ಪಿಚರ್ ಮುಖ ನೋಡಿದೆ, ಅಷ್ಟು ದೂರದಿಂದ ಏನೂ ಗೊತ್ತಾಗಲಿಲ್ಲ. ಹಾಳೆಯಲ್ಲಿ ‘ವೈಲ್ಡ್ ಪಿಚ್’ ಅಂತ ಬರೆದುಕೊಂಡೆ. ಬೇರೇನಾದರೂ ಬರೆಯಲು ಅದರಲ್ಲಿ ಕಾಲಂ ಇಲ್ಲ.